ಮೊದಲ ಅಧ್ಯಾಯಕ್ಕೇ ಪುಸ್ತಕ ಮುಚ್ಚಬೇಡ

ಮುದ್ದಿನ ಪುಟ್ಟಿ,

ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಬರೆದ ಕಾದಂಬರಿ ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’ (2020) ಮೊದಲ ಅಧ್ಯಾಯಕ್ಕೇ ನಿನ್ನ ನಿದ್ದೆ ಕೆಡಿಸಿತು, ಮುಂದೆ ಓದುವುದಿಲ್ಲ ಎಂದು ಬರೆದಿದ್ದೀಯ. ಕೆಡದೇ ಇರುತ್ತದೆಯೇ? ಉತ್ತರ ಪ್ರದೇಶದ ಊರು, ಕರೆಂಟ್ ಇಲ್ಲ, ಸೆಕೆ ತಾಳಲಾರದೆ ಜನ ಕೆರೆಗಿಳಿದರೆ ಅಲ್ಲಿನ ನೀರೂ ಬಿಸಿ. ಬೆಳಗಾಗುವಷ್ಟರಲ್ಲಿ ಸುತ್ತ ಬರೀ ಹೆಣಗಳು, ನಡುವೆ ಜೀವ ಹಿಡಿದುಕೊಂಡ ಒಬ್ಬ ವಿದೇಶಿ ಸ್ವಯಂಸೇವಕ.

ಕಥೆ ಕಲ್ಪನೆಯದಾದರೂ ಲೆಕ್ಕ ವಿಜ್ಞಾನದ್ದು. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದಾಗಲೂ ಅದು 35 ಡಿಗ್ರಿ ತೋರಿಸಿದರೆ ಬೆವರು ಮೈಯನ್ನು ತಣಿಸಲಾರದು; ನೆರಳಿನಲ್ಲಿ ಸುಮ್ಮನೆ ಕುಳಿತ ಗಟ್ಟಿಮುಟ್ಟಾದ ದೇಹವೂ ಕೆಲವೇ ಗಂಟೆಗಳಲ್ಲಿ ಸೋಲುತ್ತದೆ. ಕಲಬುರಗಿಯ 42 ಡಿಗ್ರಿಗೆ ಜಗ್ಗದ ನೀನು ಮಂಗಳೂರಿನ 34ಕ್ಕೆ ಸುಸ್ತಾಗಿದ್ದೂ ಗಾಳಿಯ ತೇವದಿಂದಲೇ.

ಆದರೆ ನನ್ನನ್ನು ಕಾಡಿದ್ದು ಮುಂದಿನ ಭಾಗ. ಎರಡು ಕೋಟಿ ಜನರನ್ನು ಕಳೆದುಕೊಂಡ ಭಾರತ, ಉಳಿದ ದೇಶಗಳ ಒಪ್ಪಿಗೆಗೆ ಕಾಯದೆ, ಬಿಸಿಲನ್ನು ಕೊಂಚ ಹಿಂದಕ್ಕೆ ತಿರುಗಿಸಲೆಂದು ವಿಮಾನಗಳಿಂದ ಎತ್ತರದ ವಾತಾವರಣಕ್ಕೆ ಸಲ್ಫರ್ ಡೈಆಕ್ಸೈಡ್ ಚೆಲ್ಲುತ್ತದೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಟುಬೊ ಜ್ವಾಲಾಮುಖಿ ಸಿಡಿದ ಮೇಲೆ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿತ್ತು; ಅದರದೇ ನಕಲು ಇದು. ತಂಪು ನಿಲ್ಲುವುದು ಒಂದೆರಡು ವರ್ಷ ಮಾತ್ರ, ಇಂಗಾಲ ಇದ್ದಲ್ಲೇ ಇರುತ್ತದೆ. ಮಳೆಯ ಲಯ ತಪ್ಪಿದರೆ ಯಾರನ್ನು ಕೇಳುವುದು?

ಈ ಲೇಖಕನ ಯಂತ್ರಗಳೆಲ್ಲ ಹೀಗೆಯೇ, ಪವಾಡ ಮಾಡುವುದಿಲ್ಲ. ಅಂಟಾರ್ಕ್ಟಿಕಾದಲ್ಲಿ ಹಿಮನದಿಯ ತಳದ ನೀರನ್ನು ಪಂಪ್ ಮಾಡಿ ಮೇಲೆತ್ತುತ್ತಾರೆ, ಹಿಮನದಿ ಸಮುದ್ರಕ್ಕೆ ಜಾರುವ ವೇಗ ತಗ್ಗಲೆಂದು. ಕೊರೆಯುವುದು, ಎತ್ತುವುದು, ಕೆಟ್ಟರೆ ರಿಪೇರಿ: ಬೋರ್‌ವೆಲ್ ಕಂಡ ನಮಗೆ ಇದು ಅರ್ಥವಾಗುತ್ತದೆ. 1995ರಲ್ಲಿ ರಾಬಿನ್ಸನ್ ಸ್ವತಃ ಅಲ್ಲಿಗೆ ಹೋಗಿ ಬಂದವರು. ಆ ಚಳಿಯ ವಿವರಗಳಲ್ಲಿ ಅದು ಗೊತ್ತಾಗುತ್ತದೆ. ಪುಸ್ತಕದ ಹೆಸರಿನಲ್ಲಿರುವ ಆ ಮಿನಿಸ್ಟ್ರಿಯ ಜ್ಯೂರಿಕ್ ಕಚೇರಿ, ಬ್ಯಾಂಕಿನವರ ಸಭೆಗಳು ಬಂದಾಗ ಆಕಳಿಕೆ ಬರುತ್ತದೆ, ನಿಜ. ಆದರೂ ಬಿಡಬೇಡ, ಹಣದ ಗಂಟು ಬಿಚ್ಚುವುದು ಅಲ್ಲೇ. ಇಂಗಾಲದ ಹೊಗೆ ತಡೆಯಲೆಂದು ಡ್ರೋನ್‌ಗಳಿಂದ ಪ್ರಯಾಣಿಕರ ವಿಮಾನ ಉರುಳಿಸುವವರನ್ನು ಮಾತ್ರ ರಾಬಿನ್ಸನ್ ತೀರಾ ಹಗುರವಾಗಿ ದಾಟಿಹೋಗಿದ್ದಾರೆ. ಅದು ನನಗೆ ಒಪ್ಪಿಗೆಯಾಗಲಿಲ್ಲ, ನಿನ್ನ ಅಪ್ಪನಿಗಂತೂ ಕೋಪವೇ ಬಂತು.

ವಿಮಾನಗಳು ಹಾರುವ ಅಧ್ಯಾಯದವರೆಗಾದರೂ ಓದಿ ಭಾನುವಾರ ಫೋನ್ ಮಾಡು. ನಾಳೆ ಎಂಜಿನಿಯರ್ ಆಗುವವಳು ನೀನು. ಆ ಹಾರಾಟದ ಕಡತ ನಿನ್ನ ಮೇಜಿಗೆ ಬಂದಿದ್ದರೆ ಸಹಿ ಹಾಕುತ್ತಿದ್ದೆಯಾ?

ನಿನ್ನ
ಅಮ್ಮ