ಹೊಡೆದುಹಾಕಿದ ಎರಡು ಸಾಲು

ಧಾರವಾಡ

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

'ಇರೇಸರ್‌ಹೆಡ್' ಸಿನಿಮಾದ ಬಗ್ಗೆ ನೀನು ಬರೆದ ಲೇಖನದ ಹಸ್ತಪ್ರತಿ ಕೈಸೇರಿ ಮೂರು ವಾರಗಳಾದವು. ಆ ಚಿತ್ರವನ್ನು ಇನ್ನೊಮ್ಮೆ ನೋಡದೆ ನಿನಗೆ ಬರೆಯುವುದು ಸರಿಯಲ್ಲವೆನಿಸಿ ತಡಮಾಡಿದೆ. ಶೀರ್ಷಿಕೆ ಹೇಗಿರಬೇಕು, ಲೇಖನ ಎಷ್ಟು ಪುಟವಿರಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಎಂದೆಲ್ಲ ಕೇಳಿದ್ದೀ. ಬೆಟಗೇರಿಯ ಅಚ್ಚುಕೂಟದಲ್ಲಿ ದಿನವಿಡೀ ಇನ್ನೊಬ್ಬರ ಕರಡು ತಿದ್ದುವವನಿಗೆ ಅವನ್ನು ನಾನು ಹೇಳಿಕೊಡಬೇಕಿಲ್ಲ, ಹೇಳಿಕೊಡುವ ಮನಸ್ಸೂ ಇಲ್ಲ. ನನಗೆ ಮಾತಾಡಬೇಕಿರುವುದು ನಿನ್ನ ಮೂರನೆಯ ಪುಟದ ಬಗ್ಗೆ.

ಆ ಪುಟದ ನಡುವೆ ಎರಡು ಸಾಲುಗಳನ್ನು ನೀನು ಹೊಡೆದುಹಾಕಿದ್ದೀ. ಒಂದು ಗೆರೆ ಎಳೆದು ಬಿಟ್ಟಿದ್ದರೆ ನಾನೂ ಮುಂದಕ್ಕೆ ಹೋಗುತ್ತಿದ್ದೆ. ಆದರೆ ನೀಲಿ ಶಾಯಿ ಹಾಳೆಯ ಹಿಂಬದಿಗೂ ಇಳಿಯುವಂತೆ, ಒಂದೆರಡು ಕಡೆ ಕಾಗದ ಹರಿಯುವಂತೆ ಮತ್ತೆ ಮತ್ತೆ ಒತ್ತಿ ಗೀಚಿದ್ದೀ. ಹಾಳೆಯನ್ನು ತಿರುವಿ, ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. 'ಕೂಸು ಅಳುವ ಸದ್ದು ಕೇಳಿದಾಗ ಅಕ್ಕನ ಮನೆಯಲ್ಲಿ ಕಳೆದ ಆ ರಾತ್ರಿ ನೆನಪಾಯಿತು. ಎದ್ದು ಹೋಗಬೇಕೆಂದುಕೊಂಡೆ, ಕಾಲು ಬರಲಿಲ್ಲ.' ಅವುಗಳ ಜಾಗದಲ್ಲಿ, ಬಹುಶಃ ಮರುದಿನ, ಬೇರೆ ಪೆನ್ನಿನಲ್ಲಿ ನೀನು ಬರೆದಿರುವುದು ಹೀಗಿದೆ: 'ಇಲ್ಲಿ ಶಿಶುವಿನ ಬಿಂಬವು ಆಧುನಿಕ ಮಾನವನ ಸುಪ್ತಪ್ರಜ್ಞೆಯ ವಿಘಟನೆಯನ್ನು ಸೂಚಿಸುತ್ತದೆ.' ತಮ್ಮಾ, ಈ ಎರಡನೆಯ ವಾಕ್ಯವನ್ನು ಬರೆದವನು ನೀನಲ್ಲ. ಅದನ್ನು ನಾನು ನಲವತ್ತು ವರ್ಷಗಳಿಂದ ಬೇರೆ ಬೇರೆ ಹೆಸರುಗಳ ಕೆಳಗೆ ಓದುತ್ತ ಬಂದಿದ್ದೇನೆ.

ಏಕೆ ಹೀಗಾಯಿತೆಂಬುದು ನಿನ್ನ ಪತ್ರದಲ್ಲೇ ಇದೆ. ಧಾರವಾಡದ ಗೆಳೆಯರು ಗೋಡೆಯ ಮೇಲೆ 'ಇರೇಸರ್‌ಹೆಡ್' ಹಾಕಿದ ಆ ರಾತ್ರಿ ಅರ್ಧ ಜನ ನಡುವೆಯೇ ಎದ್ದು ಹೋದರು, ಉಳಿದವರಲ್ಲಿ ಕೆಲವರು ನಕ್ಕರು, ಮುಗಿದ ಮೇಲೆ ಇಬ್ಬರು ಎಲ್ಲದಕ್ಕೂ ಅರ್ಥ ಹೇಳಿ ಇದಕ್ಕಿಂತ ದೊಡ್ಡ ಚಿತ್ರವೇ ಇಲ್ಲವೆಂದು ಸಾಧಿಸಿದರು, ಒಬ್ಬರು ಇದು ರೋಗಗ್ರಸ್ತ ಮನಸ್ಸಿನ ಕಸವೆಂದರು, ವಾದ ಹೊರಗಿನ ಮೆಟ್ಟಿಲವರೆಗೂ ನಡೆಯಿತು. ನೀನು ಮಾತ್ರ ಒಂದು ಮಾತನ್ನೂ ಆಡದೆ ಕೊನೆಯ ಬಸ್ಸು ಹಿಡಿದೆ. ಆಮೇಲೆ ಬರೆಯಲು ಕೂತಾಗ, ಯಾವ ಪಕ್ಷಕ್ಕೆ ಸೇರಿದರೆ ಮರ್ಯಾದೆ ಉಳಿಯುತ್ತದೆಂದು ಯೋಚಿಸಿದೆ. 'ಇಷ್ಟು ಜನ ಇಷ್ಟು ಬಗೆಯಾಗಿ ಮಾತಾಡುವ ಚಿತ್ರದ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ, ಬರೆಯುವುದನ್ನೇ ಬಿಡುತ್ತೇನೆ' ಎಂದು ಕೊನೆಗೆ ಸೇರಿಸಿದ್ದೀ. ಅಷ್ಟು ಜನರಲ್ಲಿ ಆ ರಾತ್ರಿ ಚಿತ್ರ ಹೆಚ್ಚು ತಟ್ಟಿದ್ದು ನಿನಗೇ ಇರಬೇಕೆಂದು ನನ್ನ ನಂಬಿಕೆ, ಅದನ್ನೇ ನೀನು ಶಾಯಿಯಲ್ಲಿ ಮುಳುಗಿಸಿದ್ದೀ.

ಈ ಚಿತ್ರಕ್ಕೆ ಜಗಳ ಹೊಸದಲ್ಲ. ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್ ಇದನ್ನು 1972ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುಮಾಡಿ, ಹಣ ಮುಗಿದಾಗ ನಿಲ್ಲಿಸಿ, ಮನೆಮನೆಗೆ ಪತ್ರಿಕೆ ಹಾಕುವ ಕೆಲಸ ಮಾಡಿ, 1977ರಲ್ಲಿ ತೆರೆಗೆ ತಂದ. ನಾಯಕ ಹೆನ್ರಿಯ ಪಾತ್ರದ ಜ್ಯಾಕ್ ನ್ಯಾನ್ಸ್ ಅಷ್ಟೂ ವರ್ಷ ಅದೇ ನೆಟ್ಟಗೆ ನಿಂತ ಕೂದಲನ್ನು ಕಾಯ್ದುಕೊಂಡ. ಚಿತ್ರ ಬಂದಾಗ ಅಲ್ಲಿನ ಪ್ರಮುಖ ಚಿತ್ರೋದ್ಯಮ ಪತ್ರಿಕೆ 'ವೆರೈಟಿ' ಇದನ್ನು ಓಕರಿಕೆ ತರಿಸುವ ಕೀಳು ಅಭಿರುಚಿಯ ಕಸರತ್ತು ಎಂಬ ಅರ್ಥದಲ್ಲಿ ತಳ್ಳಿಹಾಕಿತು. ನ್ಯೂಯಾರ್ಕಿನಲ್ಲಿ ಮಧ್ಯರಾತ್ರಿಯ ಆಟಕ್ಕೆ ಹಾಕಿದಾಗ ಮೊದಲ ರಾತ್ರಿಗಳಲ್ಲಿ ಬಂದವರು ಕೆಲವೇ ಜನ. ಹಾಗೆ ಆರಂಭವಾದ ಚಿತ್ರ ವರ್ಷಗಟ್ಟಲೆ ಮಧ್ಯರಾತ್ರಿಗಳಲ್ಲಿ ಓಡಿತು, ಹೆಸರಾಂತ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ತನ್ನ ತಂಡಕ್ಕೆ ಇದನ್ನು ತೋರಿಸಿದ, 2004ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹ ಇದನ್ನು ಕಾಪಾಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು. ನೀನು ಈ ಮನ್ನಣೆಗಳನ್ನೆಲ್ಲ ಐದನೆಯ ಪುಟದಲ್ಲಿ ಸಾಕ್ಷಿಗಳಂತೆ ನಿಲ್ಲಿಸಿದ್ದೀ. ಕುಬ್ರಿಕ್ ಮೆಚ್ಚಿದನೆಂಬುದು ಕುಬ್ರಿಕ್‌ನ ಅನುಭವ. ಅದರಿಂದ ನಿನ್ನ ಕಾಲು ಏಕೆ ಬರಲಿಲ್ಲವೆಂಬುದು ತಿಳಿಯುವುದಿಲ್ಲ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವ ಸಂಗತಿ ಇನ್ನೊಂದಿದೆ. ಮೊದಲ ಪ್ರದರ್ಶನದಲ್ಲಿ ಜನರ ನಡುವೆ ಕೂತು ನೋಡಿದ ಮೇಲೆ ಲಿಂಚ್ ಸುಮಾರು 20 ನಿಮಿಷಗಳಷ್ಟು ಭಾಗವನ್ನು ಕತ್ತರಿಸಿ ತೆಗೆದ. ಎಷ್ಟು ಹೊತ್ತು ಹಿಡಿದರೆ ತಾಳುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ನೋಡುವವರಿಂದ ಕಲಿಯಲು ಅವನು ಹಿಂಜರಿಯಲಿಲ್ಲ. ಆದರೆ ಹೆನ್ರಿ ಸಾಕಬೇಕಾಗಿ ಬರುವ ಆ ವಿಚಿತ್ರ ಕೂಸು ಏನು, ರೇಡಿಯೇಟರಿನೊಳಗೆ ಹಾಡುವ ಹೆಂಗಸು ಯಾರು ಎಂದು ಕೇಳಿದವರಿಗೆಲ್ಲ, 2025ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವನು ಅರ್ಥ ಹೇಳಲಿಲ್ಲ.

ಈಗ ಶರೀಫರ ಮಾತು. ಶಿಶುನಾಳದ ಮಗ್ಗುಲಲ್ಲೇ ಬೆಳೆದ ನಿನಗೆ ಅವರು ನೆನಪಾದದ್ದು ಸಹಜ, ನನಗೆ ಸಂತೋಷವೂ ಆಯಿತು. ಕೋಳಿ ಕೋಡಗವನ್ನು ನುಂಗುವ, ಆಡು ಆನೆಯನ್ನು ನುಂಗುವ, ಗೋಡೆ ಸುಣ್ಣವನ್ನು ನುಂಗುವ ಹಾಡನ್ನು ನಿಮ್ಮ ಅಜ್ಜಿ ರೊಟ್ಟಿ ಬಡಿಯುತ್ತ ಹಾಡುತ್ತಿದ್ದರೆಂದು ಬರೆದಿದ್ದೀಯಲ್ಲ, ಆ ಭಾಗ ಬಹಳ ಚೆನ್ನಾಗಿದೆ. ಆದರೆ ಅಲ್ಲಿಂದ ಒಂದೇ ನೆಗೆತಕ್ಕೆ 'ಆದ್ದರಿಂದ ಇಂಥ ಚಿತ್ರ ನಮಗೆ ಹೊಸದಲ್ಲ' ಎಂಬ ತೀರ್ಮಾನಕ್ಕೆ ಬಂದಿದ್ದೀ, ಅದನ್ನು ನಾನು ಒಪ್ಪುವುದಿಲ್ಲ. ಶರೀಫರ ಹಾಡಿನ ಕೊನೆಯಲ್ಲಿ ಗೋವಿಂದ ಗುರುವಿನ ಪಾದವಿದೆ, ನುಂಗುವ ಆಟವೆಲ್ಲ ಅಲ್ಲಿ ಹೋಗಿ ತಂಗುತ್ತದೆ. ಅಲ್ಲಮನ ಬೆಡಗಿನ ವಚನಗಳಿಗೂ ಅನುಭವಿಗಳು ಟೀಕೆ ಬರೆದು ದಾರಿ ಮಾಡಿಕೊಟ್ಟಿದ್ದಾರೆ. ನಿಮ್ಮ ಅಜ್ಜಿಗೆ ಅರ್ಥ ತಿಳಿಯದೇ ಇದ್ದಿರಬಹುದು, ಆದರೆ ಅರ್ಥ ಬಲ್ಲವರೊಬ್ಬರು ಇದ್ದಾರೆಂಬ ಧೈರ್ಯ ಅವರಿಗಿತ್ತು. ಈ ಚಿತ್ರ ನೋಡುವವನಿಗೆ ಅಂಥ ಗುರುವಿಲ್ಲ. ಹೆನ್ರಿಯ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಇಟ್ಟಿಗೆಯ ಗೋಡೆ. ಜನ ಎದ್ದು ಹೋದದ್ದು, ನಕ್ಕದ್ದು, ಸಿಟ್ಟಿಗೆದ್ದದ್ದು ಆ ಗೋಡೆಯ ಎದುರು ಕೂರಲಾರದೆ ಎಂದು ನನಗನಿಸುತ್ತದೆ. ಎಲ್ಲದಕ್ಕೂ ಅರ್ಥ ಹೇಳಿದ ಆ ಇಬ್ಬರೂ ಅದನ್ನು ತಾಳಲಾರದವರೇ.

ಇನ್ನೊಂದು ಮಾತಿಗೆ ನಿನ್ನ ಮೇಲೆ ನನಗೆ ನಿಜವಾಗಿ ಬೇಸರವಾಗಿದೆ. ಊಟದ ದೃಶ್ಯಕ್ಕೆ ಮುಂಚೆ ಹೆನ್ರಿಯ ಹುಡುಗಿಯ ತಾಯಿ ಅವನನ್ನು ಏನು ಕೆಲಸ ಮಾಡುತ್ತೀ ಎಂದು ಕೇಳುತ್ತಾಳೆ. ತಾನು ರಜೆಯಲ್ಲಿದ್ದೇನೆಂದು ತಡವರಿಸಿ, ಕೊನೆಗೆ ತಾನು ಮುದ್ರಣದ ಕೆಲಸದವನೆಂದು ಅವನು ಹೇಳುತ್ತಾನೆ. ಅಚ್ಚಿನ ಯಂತ್ರದ ಸದ್ದಿನಲ್ಲೇ ದಿನ ಕಳೆದು, ಸಂಜೆ ಮನೆಗೆ ಹೋದ ಮೇಲೂ ಕಿವಿಯಲ್ಲಿ ಅದೇ ಸದ್ದು ಉಳಿಯುತ್ತದೆಂದು ನನಗೆ ಹೇಳಿದವನು ನೀನು. ಎಂಟು ಪುಟಗಳಲ್ಲಿ ಆರು ಮಂದಿ ವಿದೇಶಿ ಚಿಂತಕರಿಗೆ ಜಾಗವಿದೆ, ಆ ಬಡಪಾಯಿ ನಿನ್ನದೇ ಕಸುಬಿನವನೆಂಬ ಒಂದು ಮಾತಿಗೆ ಜಾಗವಿಲ್ಲವೇ? ಲಿಂಚ್ ಮತ್ತು ಧ್ವನಿ ಜೋಡಿಸಿದ ಆಲನ್ ಸ್ಪ್ಲೆಟ್ ಈ ಚಿತ್ರದಲ್ಲಿ ಹೆಚ್ಚುಕಡಿಮೆ ಎಲ್ಲೂ ನಿಶ್ಶಬ್ದವನ್ನೇ ಬಿಟ್ಟಿಲ್ಲ. ಹಬೆ, ಗಾಳಿ, ಎಲ್ಲೋ ದೂರದಲ್ಲಿ ನಡೆಯುವ ಯಂತ್ರ ಗೋಡೆಗಳಾಚೆಯಿಂದ ಕೇಳುತ್ತಲೇ ಇರುತ್ತವೆ. ನಾನು ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೋಡಿದೆ. ಮುಂದಿನ ಮೂರು ರಾತ್ರಿ, ಹನ್ನೊಂದು ವರ್ಷಗಳಿಂದ ಅಡುಗೆಮನೆಯಲ್ಲಿರುವ ಫ್ರಿಜ್ಜಿನ ಗುಂಯ್‌ಗುಡುವಿಕೆ ನನ್ನನ್ನು ಎಚ್ಚರವಾಗಿಟ್ಟಿತು. ಮೊದಲ ಸಲ ಅದು ಕೇಳಿದಂತಾಯಿತು. ಚಿತ್ರ ನನಗೆ ಹಿಡಿಸಿತೋ ಇಲ್ಲವೋ ಇನ್ನೂ ಹೇಳಲಾರೆ, ಆದರೆ ಇಷ್ಟನ್ನು ಆಣೆ ಮಾಡಿ ಹೇಳಬಲ್ಲೆ.

ಹೀಗೆ ಹೇಳುವ ಧೈರ್ಯ ನನಗೆ ನಿನ್ನ ವಯಸ್ಸಿನಲ್ಲಿ ಇರಲಿಲ್ಲ. ನನಗೆ ಮೂವತ್ತು ತುಂಬುವ ಹೊತ್ತಿಗೆ ಇಲ್ಲಿಯೇ ಒಂದು ಸಂಜೆ ಇಂಥದೇ ಒಂದು ಪರದೇಶದ ಚಿತ್ರ ನೋಡಿದೆವು. ನನಗೆ ಏನೂ ಹತ್ತಲಿಲ್ಲ, ಕೊನೆಯ ಅರ್ಧಗಂಟೆ ಗಡಿಯಾರ ನೋಡುತ್ತ ಕೂತಿದ್ದೆ. ಆಮೇಲೆ ಜುಬಿಲಿ ಸರ್ಕಲ್ಲಿನ ಹತ್ತಿರ ಚಹಾ ಕುಡಿಯುವಾಗ ಹಿರಿಯ ವಿಮರ್ಶಕರೊಬ್ಬರು ಅದನ್ನು ಮಹಾಕೃತಿಯೆಂದು ವರ್ಣಿಸಿದರು. ನಾವೆಲ್ಲ ತಲೆದೂಗಿದೆವು. ನಮ್ಮ ಜೊತೆ ಹಾವೇರಿ ಕಡೆಯ ಹಳ್ಳಿಯೊಂದರಲ್ಲಿ ಮಾಸ್ತರನಾಗಿದ್ದ, ಕಥೆ ಬರೆಯುತ್ತಿದ್ದ ಗೆಳೆಯನೊಬ್ಬನಿದ್ದ. ಅವನು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, 'ನನಗ ಅಂಜಿಕಿ ಬಂತು, ನಡಕ ಹೊರಗ ಬಂದು ಕಂಬಾ ಹಿಡಕೊಂಡು ನಿಂತಿದ್ದೆ' ಅಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು, ಏಕೆಂದರೆ ಆ ಹಿರಿಯರು ನನ್ನ ಕಡೆ ನೋಡುತ್ತಿದ್ದರು. ವಾರದೊಳಗೆ ಆ ಚಿತ್ರವನ್ನು ಹೊಗಳಿ, ಅವರ ಮಾತುಗಳನ್ನೇ ತಿರುವಿಹಾಕಿ ಒಂದು ಲೇಖನ ಬರೆದೆ. ಅದು ಅಚ್ಚಾಯಿತು, ಹೆಸರು ತಂದಿತು, ಅದರ ಬಲದ ಮೇಲೆ ಹತ್ತು ವರ್ಷ ಭಾಷಣ ಮಾಡಿದೆ. ಆ ಹಿರಿಯರ ಮೇಲೆ ಬಹಳ ಕಾಲ ಸಿಟ್ಟು ಇಟ್ಟುಕೊಂಡಿದ್ದೆ, ಅವರು ನನ್ನನ್ನು ಕೆಡಿಸಿದರೆಂದು. ಅವರು ತಮಗೆ ಅನಿಸಿದ್ದನ್ನು ಹೇಳಿದ್ದರು, ಕೆಟ್ಟವನು ನಾನೇ.

ಗೆಳೆಯ ಮತ್ತೆ ನಮ್ಮ ಜೊತೆ ಚಿತ್ರ ನೋಡಲು ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಲ್ಲಿಯವರೆಗೆ ಬರೆದ ಪ್ರತಿಯೊಂದು ಕಥೆಯನ್ನೂ ಮೊದಲು ನನಗೆ ಓದಲು ಕೊಡುತ್ತಿದ್ದವನು ಅನಂತರ ಒಂದನ್ನೂ ಕೊಡಲಿಲ್ಲ. ನಾನೂ ಕೇಳಲಿಲ್ಲ. ಅವನು ಹೋಗಿ ಹದಿನಾಲ್ಕು ವರ್ಷಗಳಾದವು. ಅಂದು ಆ ಚಿತ್ರ ಏನಾಗಿತ್ತೆಂದು ತಿಳಿಯಲು ಇಂದು ನನ್ನ ಲೇಖನ ತೆಗೆದು ಓದಿದರೆ ಒಂದು ಬಿಂಬವೂ ಕಣ್ಣಮುಂದೆ ಬರುವುದಿಲ್ಲ. ಕಂಬ ಹಿಡಿದು ಕತ್ತಲಲ್ಲಿ ನಿಂತ ಅವನು ಮಾತ್ರ ಕಾಣುತ್ತಾನೆ.

ಆದ್ದರಿಂದಲೇ ನಿನ್ನ ಮೂರನೆಯ ಪುಟವನ್ನು ಹಿಡಿದು ನಾನು ಇಷ್ಟು ಹೊತ್ತು ಕೂತಿದ್ದೇನೆ. ಹೊಗಳುವವರು, ಬೈಯುವವರು, ನಗುವವರು ಇರಲಿ, ಅವರ ಜಗಳವನ್ನೂ ಬೇಕಾದರೆ ಲೇಖನದಲ್ಲಿ ಬರೆ, ಅದನ್ನು ನೀನು ಚೆನ್ನಾಗಿ ಕಂಡಿದ್ದೀ. ಎದ್ದು ಹೋದವರನ್ನು ಮೂಢರೆಂದು ಕರೆದಿದ್ದೀಯಲ್ಲ, ಅದನ್ನು ಮಾತ್ರ ತೆಗೆದುಹಾಕು. ಅವರಲ್ಲಿ ಒಬ್ಬನಾದರೂ ಹೊರಗೆ ಕಂಬ ಹಿಡಿದು ನಿಂತಿರಬಹುದು. ಅಕ್ಕನ ಮನೆಯ ರಾತ್ರಿ ಏನಾಯಿತೆಂದು ನಾನು ಕೇಳುವುದಿಲ್ಲ. ನಿನಗೆ ಹೇಳಬೇಕೆನಿಸಿದಷ್ಟನ್ನು ಬರೆ, ಬೇಡವೆನಿಸಿದರೆ ಆ ಎರಡೇ ಸಾಲು ಸಾಕು, ಅವು ನಿನ್ನ ಎಂಟು ಪುಟಗಳನ್ನು ಹೊರಬಲ್ಲವು.

ಉಳಿದ ಏಳು ಪುಟಗಳನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಮೂರನೆಯದನ್ನು ಕಳಿಸಿಲ್ಲ. ಅದನ್ನು ನೀನೇ ಬಂದು ತೆಗೆದುಕೊಂಡು ಹೋಗಬೇಕು. ಭಾನುವಾರ ಬೆಳಗಿನ ಬಸ್ಸಿಗೆ ಬಾ, ಊಟ ಇಲ್ಲಿಯೇ ಮಾಡು. ಕಿಟಕಿಯ ಹತ್ತಿರ ಕೂತು, ಆ ಹಾಳೆಯನ್ನು ಬೆಳಕಿಗೆ ಹಿಡಿದು, ಆ ಎರಡು ಸಾಲುಗಳನ್ನು ನಿನ್ನ ಬಾಯಿಂದ ನನಗೆ ಒಮ್ಮೆ ಓದಿ ಹೇಳು.

ನಿನ್ನ ಹಿತ ಬಯಸುವ.