ಮಗಳಿಗೊಂದು ಪತ್ರ: ಕೋಲು ನೆಟ್ಟು ಭೂಮಿ ಅಳೆಯುವ ಲೆಕ್ಕ

ಪ್ರೀತಿಯ ಮಗಳೇ,

ಹೊರಗಿನ ಒಂದು ಶಾಲೆಯ ಜೊತೆ ಸೇರಿ ಏನಾದರೂ ಪ್ರಾಜೆಕ್ಟ್ ಮಾಡಿ ಅಂತ ಟೀಚರ್ ಹೇಳಿದ್ದಾರೆ, ಎಂತ ಮಾಡುವುದಪ್ಪಾ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಆಗ ನಾನು ಪೆರ್ಲದ ಕೆಲಸದಲ್ಲಿ ಗೋಡೆಯ ಮೇಲಿದ್ದೆ. ನನ್ನ ಹತ್ತಿರ ಒಂದು ಯೋಚನೆ ಉಂಟು. ಆದರೆ ಅದರಲ್ಲಿ ಅಂಕಿಗಳು ಜಾಸ್ತಿ, ಫೋನಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಲೆಕ್ಕವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಒತ್ತಿ ನೋಡಿ ಕೊಟ್ಟದ್ದು. ತಪ್ಪಿದ್ದರೆ ಅವಳನ್ನೇ ಕೇಳು.

ಮೊದಲು ನಿಮ್ಮ ಗುಂಪಿನ ಯೋಚನೆಯ ಬಗ್ಗೆ ಒಂದು ಮಾತು. ನಮ್ಮ ಹಬ್ಬ, ನಮ್ಮ ಊಟ, ಬೇಕಲ ಕೋಟೆ, ಯಕ್ಷಗಾನ ಅಂತ ಸ್ಲೈಡ್ ಮಾಡಿ ವೀಡಿಯೊ ಕಾಲ್‌ನಲ್ಲಿ ತೋರಿಸುವುದು. ಅವರೂ ಅವರದ್ದು ತೋರಿಸುವುದು. ಎರಡೂ ಕಡೆ ಚಪ್ಪಾಳೆ, ಒಂದು ಗ್ರೂಪ್ ಫೋಟೊ, ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟ್. ಇದರಲ್ಲಿ ತಪ್ಪೇನಿಲ್ಲ. ಆದರೆ ಬೇಕಲ ಕೋಟೆಯ ಚಿತ್ರ ನೋಡಲು ಆ ಮಕ್ಕಳಿಗೆ ನೀವು ಬೇಕಾ? ಹುಡುಕಿದರೆ ನಿಮ್ಮ ಸ್ಲೈಡಿಗಿಂತ ಒಳ್ಳೆಯದೇ ಸಿಗುತ್ತದೆ. ಎರಡು ಶಾಲೆ ಸೇರುವುದಾದರೆ, ಒಂದೇ ಶಾಲೆ ಮಾಡಿ ಮುಗಿಸಲು ಆಗದ ಕೆಲಸವನ್ನೇ ಹಿಡಿಯಬೇಕು. ಅವರ ಅಂಕಿ ಬಾರದೆ ನಿಮ್ಮ ಲೆಕ್ಕ ಮುಂದೆ ಹೋಗಬಾರದು. ನಿಮ್ಮದು ತಲುಪದೆ ಅವರದ್ದೂ ಹೋಗಬಾರದು. ಹಾಗಿದ್ದರೆ ಮಾತ್ರ ಅದು ಜೊತೆಯ ಕೆಲಸ.

ಅಂಥದ್ದೊಂದು ಉಂಟು. ಭೂಮಿಯ ಸುತ್ತಳತೆ ಅಳೆಯುವುದು. ನಗಬೇಡ. ಒಂದು ಕೋಲು, ಒಂದು ಟೇಪು, ಮಧ್ಯಾಹ್ನದ ಬಿಸಿಲು, ಮತ್ತೆ ಅದೇ ದಿನ ದೂರದ ಊರಿನಲ್ಲಿ ಅಷ್ಟೇ ಉದ್ದದ ಕೋಲು ನೆಡುವ ಮಕ್ಕಳು ಇದ್ದರೆ ಸಾಕು.

ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ದೊಡ್ಡ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಎರಟೋಸ್ತನೀಸ್ ಎನ್ನುವವನು ಇದನ್ನು ಮಾಡಿದ. ಅಲ್ಲಿಂದ ತೆಂಕಿಗೆ, ಈಗ ಅಸ್ವಾನ್ ಎನ್ನುವ ಊರಿನಲ್ಲಿ, ವರ್ಷದ ಅತಿ ಉದ್ದದ ಹಗಲಿನ ದಿನ ನಡುಮಧ್ಯಾಹ್ನ ಬಾವಿಯ ತಳದವರೆಗೂ ಬಿಸಿಲು ಇಳಿಯುತ್ತದೆ ಅಂತ ಅವನಿಗೆ ಗೊತ್ತಿತ್ತು. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ನೆರಳು ಬೀಳುತ್ತಿತ್ತು. ನೆಟ್ಟಗೆ ನಿಂತ ಕೋಲಿಗೂ ಬಿಸಿಲಿನ ಗೆರೆಗೂ ನಡುವಿನ ಕೋನ ಸುಮಾರು 7.2 ಡಿಗ್ರಿ, ಅಂದರೆ ಪೂರ್ತಿ ಸುತ್ತಿನ 50ರಲ್ಲಿ ಒಂದು ಪಾಲು. ಎರಡು ಊರಿನ ನಡುವಿನ ದೂರವನ್ನು 50ರಿಂದ ಗುಣಿಸಿದ. ಅಷ್ಟೇ ಅವನ ಲೆಕ್ಕ. ಈಗಲೂ ಎಷ್ಟೋ ದೇಶಗಳ ಶಾಲೆಗಳು ಜೋಡಿಯಾಗಿ ಈ ಪ್ರಯೋಗ ಮಾಡುತ್ತವೆ.

ಜೋಡಿ ಶಾಲೆ ಯಾವುದು ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಡಿಸೆಂಬರ್ 22ನ್ನೇ ತೆಗೆದುಕೋ. ನಮ್ಮ ಕಾಸರಗೋಡಿನಲ್ಲಿ ಆ ದಿನ ಒಂದು ಮೀಟರ್ ಕೋಲಿನ ನಡುಮಧ್ಯಾಹ್ನದ ನೆರಳು ಸುಮಾರು 72.5 ಸೆಂಟಿಮೀಟರ್. ಮಂಗಳೂರಿನಲ್ಲಿ ಅದೇ ಕೋಲಿಗೆ ಸುಮಾರು 73.5. ವ್ಯತ್ಯಾಸ ಒಂದೇ ಸೆಂಟಿಮೀಟರ್! ಕೋಲಿನ ತುದಿ ಒಂದು ಸೆಂಟಿಮೀಟರ್ ವಾಲಿದರೆ ಕೋನ ಅರ್ಧ ಡಿಗ್ರಿಗಿಂತ ಜಾಸ್ತಿ ತಪ್ಪುತ್ತದೆ. ಎರಡು ಊರಿನ ಅಕ್ಷಾಂಶದ ವ್ಯತ್ಯಾಸವೇ ಅಷ್ಟಿಲ್ಲ. ಅಲ್ಲಿಗೆ ಲೆಕ್ಕ ಕೆಟ್ಟಿತು. ಕರ್ನಾಟಕದ ಗಡಿಯ ತಲಪಾಡಿ ದಾಟಿದ ಕೂಡಲೇ ಸಿಗುವ ಶಾಲೆ ಇದಕ್ಕೆ ಸಾಲದು. ಇನ್ನೂ ಬಡಗು ದಿಕ್ಕಿಗೆ ಹೋಗಬೇಕು.

ಮೊನ್ನೆ ರಾತ್ರಿ ಮ್ಯಾಪ್ ತೆರೆದು ನಮ್ಮಿಂದ ನೇರ ಉತ್ತರಕ್ಕೆ ಬೆರಳು ಜಾರಿಸಿದೆ. ನಾವು 75 ಡಿಗ್ರಿ ರೇಖಾಂಶದಲ್ಲಿ ಇದ್ದೇವೆ. ಆ ಗೆರೆಯ ಹತ್ತಿರವೇ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ಸಿಕ್ಕಿತು. ಅಲ್ಲಿಯೂ ಕನ್ನಡ ಶಾಲೆಗಳು ಉಂಟು ಮಗಳೇ! ನಿನಗೆ ಕೇರಳ ಸರ್ಕಾರ ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕಿ ಕೊಡುವ ಹಾಗೆ ಆ ಮಕ್ಕಳಿಗೆ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿಯಿಂದ ಕನ್ನಡ ಪುಸ್ತಕ ಬರುತ್ತದೆ. ನೀನು ಬಸ್ಸಿನ ಬೋರ್ಡನ್ನು ಮಲಯಾಳದಲ್ಲಿ ಓದುತ್ತೀ, ಅವರು ಮರಾಠಿಯಲ್ಲಿ. ಕ್ಲಾಸಿನೊಳಗೆ ಇಬ್ಬರದ್ದೂ ಕನ್ನಡ. ಹಾಗಾಗಿ ಪತ್ರ ಬರೆಯಲು ಇಂಗ್ಲಿಷಿಗಾಗಿ ಯಾರ ಕಾಲೂ ಹಿಡಿಯಬೇಕಾಗಿಲ್ಲ.

ಈಗ ಲೆಕ್ಕ ನೋಡು. ಜತ್ತದಲ್ಲಿ ಅದೇ ದಿನ ನೆರಳು ಸುಮಾರು 85 ಸೆಂಟಿಮೀಟರ್ ಬೀಳಬೇಕು. ಎರಡು ಕೋನಗಳ ವ್ಯತ್ಯಾಸ ಸುಮಾರು ನಾಲ್ಕೂವರೆ ಡಿಗ್ರಿ. ನೇರ ದೂರ ಸುಮಾರು 500 ಕಿಲೋಮೀಟರ್. 360ನ್ನು 4.5ರಿಂದ ಭಾಗಿಸಿದರೆ 80. ಎಂಬತ್ತು ಐನೂರುಗಳು ನಲವತ್ತು ಸಾವಿರ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್! ಅಮ್ಮ ಎರಡು ಸಲ ಒತ್ತಿ ನೋಡಿದಳು.

ಈ 40,000 ಇಷ್ಟು ಚಂದದ ಸಂಖ್ಯೆಯಾಗಿ ಸುಮ್ನೆ ಬಂದದ್ದಲ್ಲ. 1790ರ ದಶಕದಲ್ಲಿ ಫ್ರಾನ್ಸಿನವರು ಮೀಟರ್ ಎಷ್ಟಿರಬೇಕು ಅಂತ ನಿಗದಿ ಮಾಡುವಾಗ, ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಕೋಟಿಯಲ್ಲೊಂದು ಪಾಲನ್ನು ಮೀಟರ್ ಎಂದರು. ಬೆಳಗ್ಗಿನಿಂದ ಸಂಜೆವರೆಗೆ ನಾನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವ ಟೇಪು ಭೂಮಿಯಿಂದಲೇ ಕತ್ತರಿಸಿದ್ದು ಅಂತ ನನಗೂ ಈಗಲೇ ಗೊತ್ತಾದದ್ದು.

ಆದರೆ ನಿಮಗೆ ಮೊದಲ ಸಲವೇ 40,000 ಬರುವುದಿಲ್ಲ. ಜತ್ತದ ಜೊತೆ ಮಾಡುವಾಗ ಅರ್ಧ ಡಿಗ್ರಿ ತಪ್ಪಿದರೆ ಉತ್ತರ 36,000 ಆಗಬಹುದು, 45,000ವೂ ಆಗಬಹುದು. ಬಂದದ್ದನ್ನೇ ಬರೆಯಿರಿ. ಸರಿ ಉತ್ತರ ಮೊದಲೇ ಗೊತ್ತುಂಟು ಅಂತ ನೆರಳನ್ನು ಅರ್ಧ ಸೆಂಟಿಮೀಟರ್ ಆಚೀಚೆ ಮಾಡಿದರೆ, ಅಲ್ಲಿ ಬಿಸಿಲಿನಲ್ಲಿ ನಿಂತು ಅಳೆದ ಮಕ್ಕಳ ಶ್ರಮವೂ ಹಾಳು. ನಿಮ್ಮದು ಮಾತ್ರ ಆಗಿದ್ದರೆ ನಿಮ್ಮ ಇಷ್ಟ ಅನ್ನಬಹುದಿತ್ತು.

ತಪ್ಪು ಕಡಿಮೆಯಾಗಬೇಕಾದರೆ ಇನ್ನೂ ದೂರ ಹೋಗಬೇಕು. ಅದೇ ಗೆರೆ ಹಿಡಿದು ಹೋದರೆ ಅಮೃತಸರ, ಶ್ರೀನಗರ, ಆಮೇಲೆ ದೇಶದ ಗಡಿ, ಬೆಟ್ಟಗಳನ್ನೆಲ್ಲ ದಾಟಿ ಕಿರ್ಗಿಸ್ತಾನದ ಬಿಷ್ಕೆಕ್. ನಮ್ಮಿಂದ 3,300 ಕಿಲೋಮೀಟರಿಗೂ ಜಾಸ್ತಿ. ಅಲ್ಲಿ ಡಿಸೆಂಬರಿನಲ್ಲಿ ಒಂದು ಮೀಟರ್ ಕೋಲಿನ ನೆರಳು ಎರಡೂಕಾಲು ಮೀಟರಿಗಿಂತ ಉದ್ದ! ವ್ಯತ್ಯಾಸ 30 ಡಿಗ್ರಿ ಆದ್ದರಿಂದ ಅರ್ಧ ಡಿಗ್ರಿ ತಪ್ಪಿದರೂ ಉತ್ತರ ಆರೇಳುನೂರು ಕಿಲೋಮೀಟರ್ ಮಾತ್ರ ಆಚೀಚೆ ಆಗುತ್ತದೆ. ನಿಮ್ಮ ಟೀಚರಿಗೆ ಹೊರದೇಶದ ಶಾಲೆಯೇ ಬೇಕಾದರೆ ಹೀಗೊಂದು ಕಾರಣ ಇಟ್ಟುಕೊಂಡು ಹುಡುಕಲಿ. ಅಮೆರಿಕವಾದರೆ ಹೆಸರಿಗೆ ಚಂದ, ಆದರೆ ನಮಗೆ ನಡುಮಧ್ಯಾಹ್ನವಾದಾಗ ಅವರು ನಿದ್ದೆಯಲ್ಲಿರುತ್ತಾರೆ. ನನ್ನನ್ನು ಕೇಳಿದರೆ ಮೊದಲು ಜತ್ತ. ಅಲ್ಲಿ ಕೈ ಪಳಗಿದ ಮೇಲೆ ಬಿಷ್ಕೆಕ್.

ಈಗ ನನ್ನ ಕಸುಬಿನ ಮಾತು. ಇದನ್ನು ಮಾತ್ರ ಸರಿಯಾಗಿ ಓದು.

ನೆಲ ಮಟ್ಟವಾಗಿರಬೇಕು. ಶಾಲೆಯ ಅಂಗಳ ಕಣ್ಣಿಗೆ ಮಟ್ಟ ಕಂಡರೂ ಮಳೆನೀರು ಹರಿಯಲು ಓಟ, ಅಂದರೆ ಸ್ವಲ್ಪ ಇಳಿಜಾರು, ಕೊಟ್ಟೇ ಇರುತ್ತೇವೆ. ಒಂದು ಹಲಗೆ ಇಟ್ಟು, ಅದರ ಮೇಲೆ ಗುಳ್ಳೆ ನೋಡಿ ಮಟ್ಟ ತಿಳಿಯುವ ರಸಮಟ್ಟ ಇಟ್ಟು ನೋಡಿ, ಅಡಿಗೆ ಚೂರು ಕಲ್ಲು ಕೊಟ್ಟು ಸರಿ ಮಾಡಿ. ಕೋಲನ್ನು ಕಣ್ಣಂದಾಜಿನಲ್ಲಿ ನಿಲ್ಲಿಸಬೇಡಿ. ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ಎರಡು ಕಡೆಯಿಂದ ನೋಡಬೇಕು. ಒಂದೇ ಕಡೆಯಿಂದ ನೋಡಿದರೆ ಇನ್ನೊಂದು ಕಡೆಗೆ ವಾಲಿದ್ದು ಗೊತ್ತೇ ಆಗುವುದಿಲ್ಲ. ಹೊಸಬರು ಕಟ್ಟಿದ ಗೋಡೆ ಸೊಟ್ಟಗಾಗುವುದು ಹೀಗೆಯೇ.

ಇನ್ನು ನೆರಳಿನ ತುದಿ. ಅದು ಚಾಕುವಿನ ಹಾಗೆ ಹರಿತ ಇರುವುದಿಲ್ಲ. ಸೂರ್ಯ ಚುಕ್ಕಿಯಲ್ಲವಲ್ಲ, ಅವನಿಗೂ ಅಗಲ ಉಂಟು. ಹಾಗಾಗಿ ತುದಿ ಒಂದು ಸೆಂಟಿಮೀಟರಿನಷ್ಟು ಮಸುಕಾಗಿ ಬೀಳುತ್ತದೆ. ಎಲ್ಲಿಗೆ ಗೆರೆ ಹಾಕುವುದು ಅಂತ ಜಗಳ ಶುರುವಾಗುತ್ತದೆ. ಅದಕ್ಕೆ ಕೋಲಿನ ತಲೆಗೆ ಸಣ್ಣ ತೂತು ಇರುವ ರಟ್ಟಿನ ತುಂಡು ಸಿಕ್ಕಿಸಿ. ನೆಲದ ಮೇಲೆ ಒಂದು ಬೆಳಕಿನ ಬೊಟ್ಟು ಬೀಳುತ್ತದೆ. ಅದರ ನಡುವಿಗೆ ಗುರುತು ಹಾಕಿ. ನೆಲದಿಂದ ತೂತಿನವರೆಗಿನ ಎತ್ತರ ಸರಿಯಾಗಿ ಒಂದು ಮೀಟರ್ ಇರಬೇಕು. ಅಲ್ಲಿನವರೂ ಹೀಗೆಯೇ ಮಾಡಬೇಕು, ಇದನ್ನು ಮೊದಲೇ ಬರೆದು ಒಪ್ಪಿಸಿಕೊಳ್ಳಿ. ಯಾರೂ ಸೂರ್ಯನನ್ನೇ ನೋಡಬೇಡಿ, ಕಣ್ಣು ನೆಲದ ಮೇಲಿರಲಿ.

ಗಡಿಯಾರದ 12 ಗಂಟೆಯನ್ನು ನಂಬಬೇಡಿ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ಆ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹೋಗುತ್ತದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ನಮಗೆ ಸೂರ್ಯ ಅರ್ಧ ಗಂಟೆ ತಡ. ಡಿಸೆಂಬರ್ 22ರ ಹೊತ್ತಿಗೆ ನಮ್ಮ ನಡುಮಧ್ಯಾಹ್ನ 12.28ರ ಸುಮಾರಿಗೆ ಬರುತ್ತದೆ, ಜತ್ತದಲ್ಲಿ ಒಂದು ನಿಮಿಷ ಮೊದಲು. ಬಿಷ್ಕೆಕ್‌ನ ಗಡಿಯಾರದಲ್ಲಿ ಆಗ ಒಂದು ಗಂಟೆ. ನೀವು 12.10ರಿಂದ 12.45ರವರೆಗೆ ಎರಡೆರಡು ನಿಮಿಷಕ್ಕೆ ಗುರುತು ಹಾಕುತ್ತಾ ಹೋಗಿ. ಎಲ್ಲಕ್ಕಿಂತ ಗಿಡ್ಡ ನೆರಳು ಯಾವುದೋ ಅದೇ ನಡುಮಧ್ಯಾಹ್ನದ್ದು.

ತ್ರಿಕೋನಮಿತಿ ನಿನಗೆ ಇನ್ನೂ ಬಂದಿಲ್ಲ ಅಂತ ಹೆದರಬೇಡ. ದೊಡ್ಡ ಕಾಗದದಲ್ಲಿ ಕೋಲು, ನೆರಳು ಎರಡನ್ನೂ ಅಳತೆಗೆ ಸರಿಯಾಗಿ ಗೆರೆ ಹಾಕಿ, ತುದಿಗಳನ್ನು ಸೇರಿಸಿ, ಕೋಲಿನ ತಲೆಯ ಹತ್ತಿರ ಕೋನಮಾಪಕ ಇಟ್ಟರೆ ಕೋನ ಸಿಗುತ್ತದೆ. ಆ ಹೊತ್ತಿಗೆ ಕ್ರಿಸ್ಮಸ್ ರಜೆ ಇರಬಹುದು. ಇರಲಿ, ಕೋಲು ನೆಡಲು ಹಾಜರಿ ಕರೆಯಬೇಕಾಗಿಲ್ಲ. 22ಕ್ಕೇ ಆಗಬೇಕಂತಲೂ ಇಲ್ಲ. ಜನವರಿಯಲ್ಲಾದರೂ ನಡೆಯುತ್ತದೆ, ಎರಡೂ ಕಡೆ ಒಂದೇ ದಿನ ಆದರೆ ಸಾಕು.

ಶಾಲೆ ಶಾಲೆ ಸೇರಿ ಕೆಲಸ ಮಾಡುವುದು ಹೊಸದೇನಲ್ಲ. 1988ರಲ್ಲಿ, ಅಮೆರಿಕ ಮತ್ತು ಸೋವಿಯತ್ ರಷ್ಯಾದ ನಡುವಿನ ಹಗೆ ಇನ್ನೂ ಪೂರ್ತಿ ಆರದ ಕಾಲದಲ್ಲೇ, ನ್ಯೂಯಾರ್ಕ್ ರಾಜ್ಯದ 12 ಶಾಲೆಗಳನ್ನೂ ಮಾಸ್ಕೋದ 12 ಶಾಲೆಗಳನ್ನೂ ಕಂಪ್ಯೂಟರಿನಲ್ಲಿ ಜೋಡಿಸಿದ್ದರು. ಐಅರ್ನ್ ಎನ್ನುವ ಶಾಲೆಗಳ ಜಾಲ ಹುಟ್ಟಿದ್ದು ಅಲ್ಲಿಂದ. 1995ರಲ್ಲಿ ಶುರುವಾದ ಗ್ಲೋಬ್ ಯೋಜನೆಯಲ್ಲಿ ಮಕ್ಕಳೇ ಮೋಡ, ಮಳೆ, ಮಣ್ಣು ಅಳೆದು ಅಂಕಿ ಕಳಿಸುತ್ತಾರೆ. ಯುರೋಪಿನ ಶಾಲೆಗಳನ್ನು ಜೋಡಿಸುವ ಇ-ಟ್ವಿನಿಂಗ್ 2005ರದ್ದು. ನಮ್ಮ ಕಡೆ ಗಡಿ ಅಂದರೆ ಭಾಷಣಕ್ಕೆ, ಹೋರಾಟಕ್ಕೆ ಮಾತ್ರ ನೆನಪಾಗುವುದು ಜಾಸ್ತಿ. 2020ರಲ್ಲಿ ಕೊರೊನಾ ಬಂದಾಗ ಗಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದನ್ನು ನೀನೂ ನೋಡಿದವಳೇ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಕಥೆ ನಿನಗೆ ಅಜ್ಜನ ಬಾಯಲ್ಲಿ ಕೇಳಿ ಕೇಳಿ ಬೇಜಾರೂ ಬಂದಿರಬಹುದು. ಆದರೆ ಇಷ್ಟು ವರ್ಷದಲ್ಲಿ ಜತ್ತದ ಕನ್ನಡ ಶಾಲೆಯವರ ಜೊತೆ ನಮ್ಮ ಮಕ್ಕಳಿಗೆ ಏನು ಒಡನಾಟ ಇತ್ತು, ಹೇಳು?

ನೆರಳಿನ ಕೆಲಸ ಚೆನ್ನಾಗಿ ನಡೆದರೆ ಅದೇ ಮಕ್ಕಳ ಜೊತೆ ನೀರಿನದ್ದೂ ಮಾಡಬಹುದು. ನಮಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಅವರದ್ದು ಸಹ್ಯಾದ್ರಿಯ ಆಚೆಯ ಮಳೆನೆರಳಿನ ನೆಲ, ಬರ ಕಂಡ ತಾಲೂಕು. ಆದರೂ ಮಾರ್ಚ್ ಬಂದರೆ ಇಲ್ಲಿಯೂ ಕೊಡ ಹಿಡಿದು ನಿಲ್ಲುತ್ತೇವೆ ಅಂದರೆ ಅವರು ನಂಬುತ್ತಾರಾ? ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡೆಯಲ್ಲಿ ನೀರು ನಿಲ್ಲದೆ ಇಳಿದು ಹೋಗುತ್ತದೆ ಅಂತ ನೀನು ವಿವರಿಸಬೇಕು. ನಮ್ಮ ಎಣ್ಮಕಜೆಯ ಸುರಂಗಗಳ ಬಗ್ಗೆ ಹೇಳು. ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ, ಒಬ್ಬ ಮನುಷ್ಯ ಹೋಗುವಷ್ಟು ಕೊರೆದು ಪಂಪಿಲ್ಲದೆ ನೀರು ಹರಿಸಿಕೊಳ್ಳುವುದು ಅವರಿಗೆ ಹೊಸದಿರಬಹುದು. ತಿಂಗಳಿಗೊಮ್ಮೆ ಸುರಂಗದ ಬಾಯಲ್ಲಿ ಬಕೆಟ್ ಇಟ್ಟು, ತುಂಬಲು ಎಷ್ಟು ಹೊತ್ತು ಬೇಕು ಅಂತ ನೋಡಿ ಬರೆ. ಅವರು ಬಾವಿಗೆ ಹಗ್ಗ ಇಳಿಬಿಟ್ಟು ಅಳೆಯಲಿ. ಮಳೆ ನಿಂತು ಎಷ್ಟು ದಿನಕ್ಕೆ ಯಾರ ನೀರು ಇಳಿಯಿತು ಅಂತ ಒಂದು ವರ್ಷದಲ್ಲಿ ಗೊತ್ತಾಗುತ್ತದೆ. ಸುರಂಗದ ಒಳಗೆ ಮಾತ್ರ ಕಾಲಿಡಬೇಡ. ಒಳಗೆ ಗಾಳಿ ಉಂಟಾ ಅಂತ ದೀಪ ಹಿಡಿದು ನೋಡುತ್ತಾ ಹೋಗುವವರ ಕೆಲಸ ಅದು, ನಿನ್ನದಲ್ಲ.

ಇದಕ್ಕೆ ಪರೀಕ್ಷೆಯಲ್ಲಿ ಗ್ರೇಸ್ ಮಾರ್ಕ್ ಸಿಗುತ್ತದಾ ಅಂತ ನಿನ್ನ ಗೆಳತಿಯ ಅಮ್ಮ ಕೇಳಿದರಂತೆ. ಗೊತ್ತಿಲ್ಲ ಅಂತ ಹೇಳು. ಶಾಲೆಯ ಕಂಪ್ಯೂಟರ್ ಕ್ಲಬ್ಬು ಲಿಟಲ್ ಕೈಟ್ಸ್‌ನಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಎರಡೂ ಶಾಲೆಯ ಅಂಕಿ ಒಂದೇ ಶೀಟಿನಲ್ಲಿ ಕಾಣುವ ಹಾಗೆ ನೀನೇ ಮಾಡು. ಪತ್ರವ್ಯವಹಾರ ಎಲ್ಲ ಶಾಲೆಯ ಇಮೇಲಿನಲ್ಲಿ, ಟೀಚರಿಗೆ ಕಾಣುವ ಹಾಗೆ ಇರಲಿ. ನಿಮ್ಮ ಫೋನ್ ನಂಬರು, ಮನೆ ವಿಳಾಸ ಯಾರಿಗೂ ಬೇಡ.

ನನ್ನ ತೂಗುಗುಂಡನ್ನೂ ಸಣ್ಣ ರಸಮಟ್ಟವನ್ನೂ ಮಾಮನ ಕೈಯಲ್ಲಿ ಕಳಿಸಿದ್ದೇನೆ. ಗುಂಡಿನ ದಾರ ಹೊಸದು, ಗಂಟು ಬಿಚ್ಚಬೇಡ. ಕೆಲಸ ಆದ ಕೂಡಲೇ ವಾಪಸ್ ಕಳಿಸು. ಸೋಮವಾರದಿಂದ ಹೊಸ ಮನೆಯ ಕಟ್ಟೋಣ ಶುರು, ಅದಿಲ್ಲದೆ ನನಗೆ ಒಂದು ಕಲ್ಲೂ ಇಡಲು ಆಗುವುದಿಲ್ಲ.

ಇತಿ,
ನಿನ್ನ ಅಪ್ಪ