ಮಗಳಿಗೊಂದು ಪತ್ರ: ಆ ಒಂದು ಮೊಳ

ಪುಟ್ಟಿ,

ನಿನ್ನೆ ಫೋನಲ್ಲಿ ನೀನು ಅತ್ತಿದ್ದು ಇನ್ನೂ ಕಿವೀಲೇ ಇದೆ. ಗುಂಡು ಎಸೆತಕ್ಕೆ ಬೇರೆ ಹುಡುಗೀನ ಹಾಕಿ ನಿಂಗೆ ಡಿಸ್ಕಸ್, ಅಂದ್ರೆ ಚಕ್ರ ಎಸೆತ, ಕೊಟ್ರು ಅಂತ ತಾನೆ, ಎರಡು ವರ್ಷ ಆ ಗುಂಡು ಒತ್ತಿ ಒತ್ತಿ ನಿನ್ನ ಕುತ್ತಿಗೇಲಿ ಕಪ್ಪಗೆ ಕಲೆ ಬಿದ್ದಿದ್ದು ನಾನೇ ನೋಡಿದೀನಿ, ಹಂಗಾಗಿ ನಿನ್ನ ಕೋಪ ತಪ್ಪು ಅನ್ನಲ್ಲ. ಆದ್ರೆ ರಾತ್ರಿ ನಿದ್ದೆ ಬರದೆ ಹೊರಳಾಡ್ತಿದ್ದಾಗ ಲಿಲಿಯನ್ ಕೋಪ್‌ಲ್ಯಾಂಡ್ ನೆನಪಾದ್ರು, ಅವ್ರ ಬಗ್ಗೆ ನಿಂಗೆ ಹೇಳ್ಲೇಬೇಕು ಅನ್ನಿಸ್ತು.

ಅಮೆರಿಕಾದವ್ರು, ಪೋಲೆಂಡಿಂದ ಬಂದ ಯಹೂದಿ ಮನೆತನ, ಹುಟ್ಟಿದ್ದು 1904ರಲ್ಲಿ. ಅವ್ರ ನಿಜವಾದ ಆಟ ಶಾಟ್‌ಪುಟ್ಟೇ, ನಿನ್ನ ಥರಾನೇ. ಅದ್ರಲ್ಲಿ ಎಷ್ಟೋ ಸಲ ನ್ಯಾಷನಲ್ ಚಾಂಪಿಯನ್. ಆದ್ರೆ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಲ್ಲಿ ಹೆಂಗಸರನ್ನ ಮೊದಲ ಸಲ ಅಥ್ಲೆಟಿಕ್ಸಿಗೆ ಸೇರಿಸ್ಕೊಂಡಾಗ ಕೊಟ್ಟಿದ್ದು ಐದೇ ಐದು ಈವೆಂಟು, ಎಸೆಯೋದು ಅಂದ್ರೆ ಡಿಸ್ಕಸ್ ಒಂದೇ. ಹೆಂಗಸರ ಶಾಟ್‌ಪುಟ್ ಒಲಿಂಪಿಕ್ಸಿಗೆ ಬಂದಿದ್ದು 1948ರಲ್ಲಿ, ಅಷ್ಟೊತ್ತಿಗೆ ಇವ್ರ ಆಟದ ಕಾಲ ಮುಗಿದೇ ಹೋಗಿತ್ತು, ನೆನೆಸ್ಕೊಂಡ್ರೆ ನಂಗೆ ಈಗ್ಲೂ ಹೊಟ್ಟೆ ಉರಿಯುತ್ತೆ ಕಣೆ.

ಸರಿ ಅಂತ ಡಿಸ್ಕಸ್ಸೇ ಹಿಡಿದ್ರು. ಆ ಸಲ ಪೋಲೆಂಡಿನ ಹಲೀನಾ ಕೊನೊಪಾತ್ಸ್ಕಾ 39.62 ಮೀಟರ್ ಎಸೆದು ವರ್ಲ್ಡ್ ರೆಕಾರ್ಡ್ ಮಾಡಿ ಚಿನ್ನ ತಗೊಂಡ್ರು, ಇವ್ರಿಗೆ 37.08ಕ್ಕೆ ಬೆಳ್ಳಿ. ನಾಲ್ಕು ವರ್ಷ ಆದ್ಮೇಲೆ, ಲಾ ಓದ್ತಾ ಇದ್ದಾಗ, ತಾವು ಬೆಳೆದ ಲಾಸ್ ಏಂಜಲೀಸಲ್ಲೇ ಮತ್ತೆ ಒಲಿಂಪಿಕ್ಸು. ಇವ್ರದೇ ಟೀಮಿನ ರೂತ್ ಓಸ್ಬರ್ನ್ 40.12 ಎಸೆದು ಮುಂದಿದ್ರು. ಲಿಲಿಯನ್‌ಗೆ ಉಳಿದಿದ್ದು ಕೊನೇ ಎಸೆತ. ಎಸೆದ್ರು ನೋಡು, 40.58, ಚಿನ್ನ ಇವ್ರದೇ! ಬರೀ 46 ಸೆಂಟಿಮೀಟರ್ ಹೆಚ್ಚು, ಅಂದ್ರೆ ಶುಕ್ರವಾರ ನಿನ್ನ ಜಡೆಗೆ ಅಂತ ತರ್ತಿದ್ನಲ್ಲ ಮಲ್ಲಿಗೆ, ಅದು ಒಂದು ಮೊಳ, ಅಷ್ಟೇ.

1936ರಲ್ಲಿ ಜರ್ಮನಿಯ ಬರ್ಲಿನ್ ಒಲಿಂಪಿಕ್ಸಿಗೆ ಹೋಗಿ ಇನ್ನೊಂದು ಚಿನ್ನಕ್ಕೆ ನಿಲ್ಲಬಹುದಿತ್ತು, ಆದ್ರೆ ಜರ್ಮನಿ ತನ್ನ ಯಹೂದಿ ಆಟಗಾರರನ್ನ ಟೀಮಿಂದ ದೂರ ಇಟ್ಟಿತ್ತಲ್ಲ, ನಾನು ಬರಲ್ಲ ಅಂದ್ಬಿಟ್ರು. ನಂಗೆ ಆ ಮೊಳಕ್ಕಿಂತ ಇದೇ ದೊಡ್ಡದು. ಆಮೇಲೆ ಲಾಸ್ ಏಂಜಲೀಸ್ ಕೌಂಟಿ ಶೆರಿಫ್ ಇಲಾಖೇಲಿ, ಅಂದ್ರೆ ಅಲ್ಲಿನ ಪೊಲೀಸಲ್ಲಿ, ಮಕ್ಕಳ ಕೇಸು ನೋಡೋ ಆಫೀಸರ್ ಆಗಿ 1960ರ ತನಕ ಕೆಲಸ ಮಾಡಿದ್ರು.

ಶನಿವಾರ ಬರ್ತೀಯಲ್ಲ, ಕೇಳಿ ಆ ಡಿಸ್ಕಸ್ ತಗೊಂಡು ಬಾ. ಅದರ ಅಂಚು ಬೆರಳ ತುದಿ ಗೆಣ್ಣಲ್ಲಿ ಕೂತು ಕೊನೆಗೆ ತೋರುಬೆರಳಿಂದ ಜಾರಿ ಹೋಗ್ಬೇಕಂತೆ, ಹೆಂಗೆ ಅಂತ ನಂಗೂ ತೋರಿಸು. ಹಿತ್ತಲಾಚೆ ಗದ್ದೆ ಕೊಯ್ಲಾಗಿದೆ, ಟೇಪ್ ನಾನು ಹಿಡೀತೀನಿ.

ನಿನ್ನ ಅಮ್ಮ